ಒಡೆಯದ ಉಡುಪಿ, ಒಡೆಯುವ ಮಂಗಳೂರು

ಅಪವರ್ತನ ಅಭ್ಯಾಸಕ್ಕೆ ಪುಸ್ತಕದ ಲೆಕ್ಕಗಳು ಸಾಕಾಗಿ, ನಾನು ಅಂಚೆ ವಿಳಾಸದ ಕೊನೆಯ ಸಾಲು ಹಿಡಿದೆ. ಮಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್ 575001, ಉಡುಪಿಯದು 576101. 1972ರ ಆಗಸ್ಟ್ 15ರಂದು ಈ ಆರಂಕಿ ಪದ್ಧತಿ ಬಂದದ್ದು ಕಾಗದ ವಿಂಗಡಿಸಲು, ಗಣಿತಕ್ಕಲ್ಲ. ಆದರೂ ಈ ಎರಡರ ಗುಣ ಅಜಗಜಾಂತರ.

ಮಂಗಳೂರು ಸಲೀಸು. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಭಾಗವಾಗುತ್ತದೆ. 7ಕ್ಕೆ ಒಂದು ಉಪಾಯ: ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಸೀಳಿ ಕಳೆಯಿರಿ. 575 − 001 = 574, ಅದು 7 × 82. ಇದು ನಡೆಯುವುದು 1001 = 7 × 11 × 13 ಆದ್ದರಿಂದ; ಒಂದೇ ವ್ಯವಕಲನದಲ್ಲಿ ಮೂರು ಅವಿಭಾಜ್ಯಗಳ ಪರೀಕ್ಷೆ ಮುಗಿಯಿತು. ಕೊನೆಗೆ 575001 = 3² × 7 × 9127. ಈ 9127 ಮುಂದೆ ಒಡೆಯುವುದಿಲ್ಲ.

ಉಡುಪಿ ಮಾತ್ರ ಸತಾಯಿಸಿತು. ಅಂಕಿಗಳ ಮೊತ್ತ 20, ಆದ್ದರಿಂದ 3 ಇಲ್ಲ. 576 − 101 = 475; 7, 11, 13 ಮೂರೂ ಇಲ್ಲ. ಇನ್ನು ಎಲ್ಲಿಯವರೆಗೆ ಹೋಗಬೇಕು? 759² = 576081, 760² ದಾಟಿಬಿಡುತ್ತದೆ. ಸಂಖ್ಯೆ ಒಡೆಯುವುದಾದರೆ ಒಂದು ಅಪವರ್ತನವಾದರೂ 759ರೊಳಗೆ ಇರಲೇಬೇಕು. ಅಷ್ಟರೊಳಗೆ ಅವಿಭಾಜ್ಯಗಳು 134.

ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕುಳಿತು ಶುರು ಮಾಡಿದೆ. ಮೂಲ್ಕಿ ಹತ್ತಿರ 23 ಸಿಕ್ಕೇಬಿಟ್ಟಿತೆಂದು ಗೀಟು ಎಳೆದೆ. ತಿರುಗಿ ಗುಣಿಸಿದರೆ 23 × 25047 = 576081, ಇಪ್ಪತ್ತು ಬಾಕಿ! ದಶಕ ಇಳಿಸುವಾಗ ಎಡವಿದ್ದೆ. ಅಸಲಿಗೆ ಅದು ಆ 759²ವೇ; 759 = 3 × 11 × 23 ಎಂದು ಮೊದಲೇ ಹೊಳೆದಿದ್ದರೆ ಭಾಗಿಸುವ ಕೆಲಸವೇ ಇರಲಿಲ್ಲ. 89ಕ್ಕೆ ಶೇಷ 4, 353ಕ್ಕೆ 5. ಹೀಗೆ ಆಸೆ ತೋರಿಸಿ ಕೈಕೊಟ್ಟವು ಹಲವು. ಉಳಿದದ್ದನ್ನು ಮನೆಯಲ್ಲಿ ಎರಡು ಸಂಜೆ ಮಾಡಿದೆ. 757ರಲ್ಲೂ ಶೇಷ 24. ಅಲ್ಲಿಗೆ 576101 ಅವಿಭಾಜ್ಯ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದರ ಮುಂದಿನ ಭಾಗ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ, ಅದೂ ಒಂದೇ ರೀತಿಯಲ್ಲಿ, ಬರೆಯಬಹುದು. ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಇದನ್ನು ಪತ್ರದಲ್ಲಿ ಹೇಳಿದ, ಸಾಧಿಸಿ ತೋರಿಸಿದವ ಮುಂದಿನ ಶತಮಾನದ ಗಣಿತಜ್ಞ ಆಯ್ಲರ್. 576101 ಆ ಜಾತಿಯದು. 759ರಿಂದ ಕೆಳಗಿಳಿಯುತ್ತ ವರ್ಗ ಕಳೆದೆ: ಉಳಿದದ್ದು 20, 1537, 3052... ಒಂದೂ ಪೂರ್ಣವರ್ಗವಲ್ಲ. ಒಂಬತ್ತನೇ ಸಲ 751² ಕಳೆದಾಗ 12100 ಬಂತು, ಅದು 110ರ ವರ್ಗ.

576101 = 751² + 110²

575001ಕ್ಕೂ 4ರಿಂದ ಶೇಷ 1 ಬರುತ್ತದೆ. ಆದರೆ ಅದು ಹೀಗೆ ಬರೆಸಿಕೊಳ್ಳುವುದಿಲ್ಲ: ಅದರೊಳಗೆ 7 ಒಂಟಿಯಾಗಿ ಕೂತಿದೆ. 7, 11, 19ರಂತೆ 4ಕ್ಕೆ ಶೇಷ 3 ಕೊಡುವ ಅವಿಭಾಜ್ಯಗಳು ಜೋಡಿಜೋಡಿಯಾಗಿ ಇದ್ದರಷ್ಟೇ ಒಳಗೆ ಬಿಡುತ್ತಾರೆ. 9127 ಕೂಡ ಅದೇ ಪೈಕಿ, ಅದೂ ಒಂಟಿ.