ಅನುಗಮನ, ನಿಗಮನ: ಇಂಗ್ಲಿಷ್ ವ್ಯಾಕರಣ ಪಾಠಕ್ಕೆ ಯಾವುದು ಯಾವಾಗ?

ನಿಗಮನ ವಿಧಾನದಲ್ಲಿ ನಿಯಮ ಮೊದಲು, ಉದಾಹರಣೆ ಆಮೇಲೆ. ಅನುಗಮನದಲ್ಲಿ ಉದಾಹರಣೆ ಮೊದಲು, ನಿಯಮವನ್ನು ಕಲಿಯುವವರೇ ಕಂಡುಕೊಳ್ಳಬೇಕು. ನಿಯಮ ಹೇಳಿ, ಮಾತೃಭಾಷೆಗೆ ಅನುವಾದ ಮಾಡಿಸುತ್ತ ಕಲಿಸುವ ವ್ಯಾಕರಣ-ಅನುವಾದ ಪದ್ಧತಿ ಮೊದಲನೆಯ ದಾರಿ ಹಿಡಿಯಿತು, ಅನುವಾದವಿಲ್ಲದೆ ಇಂಗ್ಲಿಷಿನಲ್ಲೇ ಕಲಿಸುವ ನೇರ ಪದ್ಧತಿ ಎರಡನೆಯದನ್ನು. ಪರೀಕ್ಷೆಯ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ತರಗತಿಯಲ್ಲಿ ತಾಪತ್ರಯ ಶುರುವಾಗುವುದು ಉದಾಹರಣೆ ಆರಿಸುವಾಗ.

‘ಎ’ ಮತ್ತು ‘ಆ್ಯನ್’ ಪಾಠವನ್ನೇ ನೋಡಿ. ಹಲಗೆಯ ಒಂದು ಕಡೆ ಎ ಬುಕ್, ಎ ಪೆನ್, ಎ ಡಾಗ್. ಇನ್ನೊಂದು ಕಡೆ ಆ್ಯನ್ ಆ್ಯಪಲ್, ಆ್ಯನ್ ಎಗ್, ಆ್ಯನ್ ಅಂಬ್ರೆಲಾ. ಏನು ಗೊತ್ತಾಯಿತು ಎಂದು ಕೇಳಿದರೆ, ‘ಎ, ಇ, ಐ, ಒ, ಯು ಅಕ್ಷರಗಳಿಂದ ಶುರುವಾಗುವ ಪದಕ್ಕೆ ಆ್ಯನ್’ ಎಂಬ ಉತ್ತರ ಬರುತ್ತದೆ. ಮಕ್ಕಳ ತರ್ಕದಲ್ಲಿ ದೋಷವಿಲ್ಲ, ನಾವು ಕೊಟ್ಟ ಸಾಮಗ್ರಿಯಲ್ಲಿದೆ. ಉತ್ತರ ಸರಿ ಎಂದು ಮುಂದೆ ಹೋದರೆ ‘ಆ್ಯನ್ ಯೂನಿವರ್ಸಿಟಿ’, ‘ಎ ಅವರ್’ ಎಂಬ ತಪ್ಪುಗಳು ಕೊನೆತನಕ ಉಳಿದುಬಿಡುತ್ತವೆ. ಆದ್ದರಿಂದ ಎ ಯೂನಿಫಾರ್ಮ್, ಆ್ಯನ್ ಅವರ್, ಆ್ಯನ್ ಎಕ್ಸ್‌ರೇ ಮೊದಲ ಪಟ್ಟಿಯಲ್ಲೇ ಇರಬೇಕು.

ಆಮೇಲೆ ಪ್ರತಿ ಪದದ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಹೇಳಿ. ‘ಅವರ್’ ಸ್ವರದಿಂದ, ‘ಯೂನಿಫಾರ್ಮ್’ ವ್ಯಂಜನದಿಂದ ಶುರುವಾಗುವುದು ಕಣ್ಣಿಗೇ ಕಾಣುತ್ತದೆ. ವರ್ಣಮಾಲೆ ಬಲ್ಲವರಿಗೆ ಇನ್ನೇನೂ ಹೇಳಬೇಕಿಲ್ಲ. ಎರಡು ಕಡೆ ಮಾತ್ರ ಎಚ್ಚರ. ‘ಒನ್’ ಎಂದು ಬರೆಯುವ ರೂಢಿಯಿದ್ದರೂ ಉಚ್ಚಾರಣೆ ‘ವನ್’, ಹಾಗಾಗಿ ‘ಎ ಒನ್‌ವೇ ರೋಡ್’. ಎಗ್ ಅನ್ನು ‘ಯೆಗ್’ ಎನ್ನುವವರಿಗೆ ಕಿವಿಯೇ ದಾರಿ ತಪ್ಪಿಸುತ್ತದೆ. ಅಲ್ಲಿ ಮೊದಲು ಉಚ್ಚಾರಣೆ ತಿದ್ದಿ.

ಅನುಗಮನ ಪಾಠಕ್ಕೆ ಆರರಿಂದ ಎಂಟು ಉದಾಹರಣೆ ಸಾಕು, ಎಲ್ಲವೂ ಗೊತ್ತಿರುವ ಪದಗಳಾಗಿರಲಿ. ಹೊಸ ಪದ ಬಂದರೆ ಗಮನ ಅರ್ಥದ ಕಡೆ ಹೋಗುತ್ತದೆ. ಎರಡು ಮೂರು ನಿಮಿಷ ಜೋಡಿಯಲ್ಲಿ ಚರ್ಚಿಸಲಿ. ‘ಏನು ಕಾಣಿಸುತ್ತಿದೆ?’ ಎಂಬುದು ತೀರಾ ಅಗಲವಾದ ಪ್ರಶ್ನೆ. ‘ಎರಡು ಗುಂಪಿನ ಮೊದಲ ಧ್ವನಿಯಲ್ಲಿ ವ್ಯತ್ಯಾಸವೇನು?’ ಎಂದು ಕೇಳಿ. ಅವರು ಹೇಳಿದ ನಿಯಮವನ್ನು ಅವರ ಮಾತಿನಲ್ಲೇ ಹಲಗೆಗೆ ಬರೆದು, ಪಟ್ಟಿಯಲ್ಲಿಲ್ಲದ ನಾಲ್ಕು ಪದಗಳಿಂದ ಪರೀಕ್ಷಿಸಿ. ಈ ಕೊನೆಯ ಹಂತ ಬಿಟ್ಟರೆ ತಪ್ಪು ನಿಯಮವೂ ಸರಿಯಂತೆ ಉಳಿಯುತ್ತದೆ. ಇನ್ನು, ಅರ್ಧ ನಿಮಿಷದ ಮೌನ ತಾಳಲಾರದೆ ಶಿಕ್ಷಕರೇ ಉತ್ತರ ಹೇಳಿಬಿಟ್ಟರೆ ಅದು ತಡವಾಗಿ ಬಂದ ನಿಗಮನ, ಅಷ್ಟೇ.

‘ಸಿನ್ಸ್’, ‘ಫಾರ್’ ವಿಷಯದಲ್ಲಿ ನೇರವಾಗಿ ನಿಯಮ ಹೇಳುವುದೇ ಲೇಸು. ‘2019ರಿಂದ’, ‘ಐದು ವರ್ಷಗಳಿಂದ’ ಎರಡಕ್ಕೂ ಕನ್ನಡದಲ್ಲಿ ಒಂದೇ ವಿಭಕ್ತಿ, ಹಾಗಾಗಿ ವ್ಯತ್ಯಾಸ ತಾನಾಗಿ ಹೊಳೆಯುವುದು ಅಪರೂಪ. ಶುರುವಾದ ಕ್ಷಣಕ್ಕೆ ಸಿನ್ಸ್, ಕಳೆದ ಅವಧಿಗೆ ಫಾರ್: ಎರಡು ವಾಕ್ಯ, ಎರಡು ಉದಾಹರಣೆ, ತಕ್ಷಣ ಅಭ್ಯಾಸ. ಮಂಡೇ, ತ್ರೀ ಡೇಸ್, ಲಾಸ್ಟ್ ವೀಕ್, ಎ ಲಾಂಗ್ ಟೈಮ್ ಎಂದು ಬೆರೆಸಿಯೇ ಕೊಡಿ. ಸಿನ್ಸ್‌ನ ಹತ್ತು, ಆಮೇಲೆ ಫಾರ್‌ನ ಹತ್ತು ಎಂದು ಕೊಟ್ಟರೆ ಮಕ್ಕಳು ಯೋಚಿಸದೆ ತುಂಬುತ್ತಾರೆ. ನಿಗಮನ ಸೋಲುವುದು ಹೆಚ್ಚಾಗಿ ವಿವರಣೆ ಉದ್ದವಾದಾಗ: 40 ನಿಮಿಷದಲ್ಲಿ 25 ನಿಮಿಷ ನಿಯಮಕ್ಕೇ ಹೋದರೆ ಬಳಕೆಗೆ ಸಮಯವೇ ಇಲ್ಲ. ಬಿಟ್ಟ ಸ್ಥಳ ತುಂಬಿದ ಮೇಲೆ ತಮ್ಮದೇ ಎರಡು ವಾಕ್ಯ ಬರೆಸಿ. ನಿಜವಾದ ಕಲಿಕೆ ಅಲ್ಲಿ ತಿಳಿಯುತ್ತದೆ.

ಎರಡೂ ಹೊಂದದ ಜಾಗಗಳೂ ಇವೆ. ‘ಎಂಜಾಯ್ ಸ್ವಿಮ್ಮಿಂಗ್’, ‘ವಾಂಟ್ ಟು ಸ್ವಿಮ್’: ಯಾವ ಕ್ರಿಯಾಪದದ ನಂತರ ಯಾವ ರೂಪ ಎಂಬುದಕ್ಕೆ ಶಾಲಾ ಮಟ್ಟದಲ್ಲಿ ಹೇಳಬಹುದಾದ ನಿಯಮವಿಲ್ಲ, ಪದದ ಜೊತೆಗೇ ಕಲಿಸಬೇಕು. ಆದರೆ ‘ಸ್ಟಾಪ್ಡ್ ಈಟಿಂಗ್’ ಎಂದರೆ ತಿನ್ನುವುದನ್ನು ನಿಲ್ಲಿಸಿದ, ‘ಸ್ಟಾಪ್ಡ್ ಟು ಈಟ್’ ಎಂದರೆ ತಿನ್ನಲೆಂದು ನಿಂತ. ಹೀಗೆ ಅರ್ಥವೇ ಬದಲಾಗುವ ಜೋಡಿಗಳನ್ನು ಎರಡು ಚಿತ್ರಗಳ ಜೊತೆ ಮುಂದಿಟ್ಟರೆ ಮತ್ತೆ ಅನುಗಮನಕ್ಕೇ ದಾರಿ.