ಬಾಂಬ್ ಸಿಡಿದ ಮೇಲೆ

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರು 2,977 ಜನ. 19 ಮಂದಿ ದಾಳಿಕೋರರನ್ನು ಬಿಟ್ಟು ಹೇಳುವ ಲೆಕ್ಕ ಇದು. ಅವರ ಹೆಸರುಗಳನ್ನೆಲ್ಲ ನ್ಯೂಯಾರ್ಕಿನ ಸ್ಮಾರಕದಲ್ಲಿ ಕಂಚಿನ ಮೇಲೆ ಕೆತ್ತಿದ್ದಾರೆ. ಆದರೆ ಅಲ್ಲಿ ಹೆಸರೇ ಇಲ್ಲದ ಇನ್ನೊಂದು ಗುಂಪಿದೆ.

ದಾಳಿ ಆದ ಮೇಲೆ ಅಮೆರಿಕದ ಜನ ವಿಮಾನ ಹತ್ತಲು ಹೆದರಿದರು. ದೂರದ ಊರಿಗೂ ಕಾರಿನಲ್ಲೇ ಹೊರಟರು. ಮೈಲಿಗೆ ಮೈಲಿ ಹೋಲಿಸಿದರೆ ಕಾರು ವಿಮಾನಕ್ಕಿಂತ ಎಷ್ಟೋ ಪಟ್ಟು ಅಪಾಯದ ಗಾಡಿ, ಅದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ಟಿವಿಯಲ್ಲಿ ಆ ಕಟ್ಟಡಗಳು ಉರಿಯುವುದನ್ನು ನೂರು ಸಲ ನೋಡಿದವರಿಗೆ ಆ ಲೆಕ್ಕ ಎಲ್ಲಿ ನೆನಪಾಗಬೇಕು? ಗೆರ್ಡ್ ಗಿಗರೆನ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅಲ್ಲಿನ ರಸ್ತೆ ಅಪಘಾತಗಳ ಅಂಕಿಗಳನ್ನು ಹರವಿಕೊಂಡು ಕೂತರು. ಮುಂದಿನ 12 ತಿಂಗಳಲ್ಲಿ ಮಾಮೂಲಿಗಿಂತ ಸುಮಾರು 1,500 ಜನ ಜಾಸ್ತಿ ರಸ್ತೆಯಲ್ಲಿ ಸತ್ತರು ಅನ್ನುವುದು ಅವರ ಅಂದಾಜು. ಆ ದಿನ ನಾಲ್ಕು ವಿಮಾನಗಳಲ್ಲಿ ಸತ್ತ ಪ್ರಯಾಣಿಕರು ಮತ್ತು ಸಿಬ್ಬಂದಿ ಒಟ್ಟು 246. ಅಂದರೆ ಅದರ ಆರು ಪಟ್ಟು ಜನರನ್ನು ಕೊಂದಿದ್ದು ಬರೀ ಭಯ.

ಭಯೋತ್ಪಾದನೆ ಅನ್ನುವ ಪದದಲ್ಲೇ ಇದೆ ನೋಡಿ. ಬಾಂಬ್ ಅವರ ಸಾಧನ, ಭಯವೇ ಸರಕು.

ಈ ಸರಕು ದೂರದವರೆಗೂ ಹೋಗುತ್ತದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದ ಹೊತ್ತಿಗೆ ಬಾಂಬ್ ಸಿಡಿಯಿತು. ಆಮೇಲೆ ಸಂಶೋಧಕರು ಎರಡು ಬಗೆಯ ಜನರನ್ನು ಹೋಲಿಸಿದರು: ಸ್ಫೋಟದ ಜಾಗದಲ್ಲೇ ಇದ್ದವರು ಮತ್ತು ಮನೆಯಲ್ಲಿ ಕೂತು ಆ ವಾರ ದಿನಕ್ಕೆ ಆರು ಗಂಟೆಗೂ ಮೇಲ್ಪಟ್ಟು ಅದೇ ಸುದ್ದಿ ನೋಡಿದವರು. ತೀವ್ರ ಒತ್ತಡದ ಲಕ್ಷಣಗಳು ಜಾಸ್ತಿ ಇದ್ದದ್ದು ಯಾರಲ್ಲಿ? ಸುದ್ದಿ ನೋಡಿದವರಲ್ಲಿ. ಮೊದಲೇ ಆತಂಕ ಇದ್ದವರೇ ಸುದ್ದಿಗೆ ಅಂಟಿಕೊಂಡಿರಬಹುದಲ್ವಾ ಎಂದು ನೀವು ಕೇಳಬಹುದು, ಅದು ನ್ಯಾಯವಾದ ಪ್ರಶ್ನೆಯೇ. ಹಾಗೆಂದು ಈ ಫಲಿತಾಂಶವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸುವ ವಾಹಿನಿಯವರು ದಾಳಿ ಮಾಡಿದವರ ಕೆಲಸವನ್ನೇ ಪುಕ್ಕಟೆಯಾಗಿ ಮಾಡಿಕೊಡುತ್ತಿರುತ್ತಾರೆ.

ಸರಿ, ತಲೆಯೊಳಗೆ ಏನಾಗುತ್ತದೆ? ಮೆದುಳಿನಲ್ಲಿ ಬಾದಾಮಿ ಗಾತ್ರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯ ಕಂಡ ಕೂಡಲೇ ಗಂಟೆ ಬಾರಿಸುವ ಕಾವಲುಗಾರ ಅದು. ಗಂಟೆ ಬಾರಿಸಿದ ತಕ್ಷಣ ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ರಕ್ತಕ್ಕೆ ಒತ್ತಡದ ಹಾರ್ಮೋನುಗಳು ಬಂದು ಸೇರುತ್ತವೆ. ಹಣೆಯ ಹಿಂದಿರುವ ಮೆದುಳಿನ ಭಾಗ ಸ್ವಲ್ಪ ಹೊತ್ತಿನಲ್ಲೇ ‘ಏನೂ ಇಲ್ಲ, ಸುಮ್ನಿರು’ ಎಂದು ಅದನ್ನು ಸಮಾಧಾನ ಮಾಡಬೇಕು. ದೊಡ್ಡ ಆಘಾತ ಆದ ಕೆಲವರಲ್ಲಿ ಈ ಸಮಾಧಾನ ಕೆಲಸ ಮಾಡುವುದಿಲ್ಲ. ಬಾಗಿಲು ಧಡ್ ಎಂದರೂ ಗಂಟೆ ಬಾರಿಸುತ್ತದೆ. ನೆನಪು ಹಳೆಯ ನೆನಪಾಗಿ ಬರುವುದಿಲ್ಲ, ಈಗಲೇ ಕಣ್ಣೆದುರು ನಡೆಯುತ್ತಿರುವ ಹಾಗೆ ಬರುತ್ತದೆ. ಇದಕ್ಕೆ ಪಿಟಿಎಸ್‌ಡಿ (ಆಘಾತದ ನಂತರದ ಒತ್ತಡದ ಕಾಯಿಲೆ) ಎಂಬ ಹೆಸರು ಬಂದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ಅದೂ ವಿಯೆಟ್ನಾಂನಿಂದ ಮರಳಿದ ಸೈನಿಕರು ಮತ್ತು ಅವರ ಪರ ನಿಂತ ವೈದ್ಯರು ಪಟ್ಟು ಹಿಡಿದ ಮೇಲೆ.

ಅದಕ್ಕೂ ಮುಂಚೆ? ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ‘ಶೆಲ್ ಶಾಕ್’ ಎನ್ನುತ್ತಿದ್ದರು. ಶೆಲ್, ಅಂದರೆ ಫಿರಂಗಿಯ ಸಿಡಿಗುಂಡು, ಸಿಡಿದ ಅಲೆಗೆ ನರ ಅಲುಗಿದೆ ಎಂದು ಕೆಲವು ವೈದ್ಯರು ಭಾವಿಸಿದ್ದರು. ಎಷ್ಟೋ ಅಧಿಕಾರಿಗಳಿಗೆ ಅದು ಬರೀ ಹೇಡಿತನವಾಗಿ ಕಂಡಿತು. ಸೇನೆ ಬಿಟ್ಟು ಓಡಿದ್ದಕ್ಕೆ, ಹೇಡಿತನಕ್ಕೆ, ಇಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಎಲ್ಲರೂ ಅಲ್ಲದಿದ್ದರೂ ಎಷ್ಟೋ ಮಂದಿ ಈ ಕಾಯಿಲೆಯವರೇ ಇರಬೇಕು ಅನ್ನುವುದು ಈಗಿನ ಅನೇಕರ ಅಭಿಪ್ರಾಯ. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅಷ್ಟರಲ್ಲಿ ಅವರ ಮಕ್ಕಳೂ ಮುದುಕರಾಗಿದ್ದರು.

ಇಲ್ಲೊಂದು ವಿಷಯ ಹೇಳಲೇಬೇಕು, ಏಕೆಂದರೆ ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಸೆಪ್ಟೆಂಬರ್ 11ರ ದಾಳಿಯಾಗಿ ಒಂದೆರಡು ತಿಂಗಳಲ್ಲಿ ಮ್ಯಾನ್‌ಹಾಟನ್‌ನಲ್ಲಿ ಸಮೀಕ್ಷೆ ಮಾಡಿದಾಗ ಶೇ. 7.5ರಷ್ಟು ಜನರಲ್ಲಿ ಆ ದಾಳಿಗೆ ಸಂಬಂಧಿಸಿದ ಪಿಟಿಎಸ್‌ಡಿ ಲಕ್ಷಣ ಕಂಡಿತ್ತು. ಆರು ತಿಂಗಳಾಗುವ ಹೊತ್ತಿಗೆ ಅದು ಶೇ. 0.6ಕ್ಕೆ ಇಳಿಯಿತು. ‘ಇಡೀ ದೇಶವೇ ಮಾನಸಿಕ ರೋಗಿಯಾಗಿದೆ’ ಅನ್ನುವ ಮಾತು ಭಾಷಣಕ್ಕೆ ಸರಿ, ವಿಜ್ಞಾನಕ್ಕಲ್ಲ. ಆದರೆ ನ್ಯೂಯಾರ್ಕಿನಲ್ಲಿ ಆದದ್ದು ಒಂದು ದಿನದ ದಾಳಿ. ವರ್ಷಗಟ್ಟಲೆ ಯುದ್ಧ ನಡೆದ ಕಡೆ ಕಥೆಯೇ ಬೇರೆ. ಅಂಥ ಜಾಗಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕ, ಪಿಟಿಎಸ್‌ಡಿಯಂಥ ಯಾವುದಾದರೂ ಮಾನಸಿಕ ಸಮಸ್ಯೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜಿಸಿತ್ತು.

ಇನ್ನು ಹುಟ್ಟುವ ಮೊದಲೇ ಯುದ್ಧಕ್ಕೆ ಸಿಕ್ಕವರ ಕಥೆ. 1944ರಲ್ಲಿ ಡಚ್ ರೈಲ್ವೆಯವರು ಜರ್ಮನ್ನರ ವಿರುದ್ಧ ಮುಷ್ಕರ ಹೂಡಿದರು. ಅದಕ್ಕೆ ಸೇಡಾಗಿ ನಾಜಿಗಳು ಪಶ್ಚಿಮ ನೆದರ್ಲೆಂಡ್ಸ್‌ಗೆ ಆಹಾರ ಸಾಗಣೆ ತಡೆದರು. ಆ ಚಳಿಗಾಲದಲ್ಲಿ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಕಡೆಕಡೆಗೆ ಅದರ ಅರ್ಧವೂ ಸಿಗಲಿಲ್ಲ. ಜನ ಟುಲಿಪ್ ಗಡ್ಡೆಗಳನ್ನು ಬೇಯಿಸಿ ತಿಂದರು. 20,000ಕ್ಕೂ ಹೆಚ್ಚು ಮಂದಿ ಸತ್ತರು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡುಬಂತು, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಕೂಡ. 2008ರಲ್ಲಿ ವಿಜ್ಞಾನಿಗಳು ಅವರ ಡಿಎನ್‌ಎಯನ್ನು ಬರಗಾಲಕ್ಕೆ ಸಿಗದ ಅವರದೇ ಒಡಹುಟ್ಟಿದವರ ಜೊತೆ ಹೋಲಿಸಿದರು. ಬೆಳವಣಿಗೆಗೆ ಬೇಕಾದ ಐಜಿಎಫ್2 ಎಂಬ ಜೀನ್ ಮೇಲೆ ಅಂಟಿರುವ ರಾಸಾಯನಿಕ ಗುರುತುಗಳು ಇವರಲ್ಲಿ ಕಡಿಮೆ ಇದ್ದವು. ಜೀನಿನ ಅಕ್ಷರ ಅದೇ, ಮೇಲಿನ ಗುರುತು ಬೇರೆ. 60 ವರ್ಷ ಕಳೆದಿದ್ದರೂ ಆ ಹಸಿವಿನ ಗುರುತು ಉಳಿದಿತ್ತು.

ಇದನ್ನೇ ಹಿಡಿದುಕೊಂಡು ‘ಅಜ್ಜನ ನೋವು ಮೊಮ್ಮಗನ ಜೀನಿನಲ್ಲಿದೆ’ ಎಂದು ಬರೆಯುವವರಿದ್ದಾರೆ. ಅಷ್ಟು ಮುಂದೆ ಹೋಗಬೇಡಿ. ಈ ಮಕ್ಕಳು ಹೊಟ್ಟೆಯೊಳಗೆ ಇದ್ದೇ ಆ ಹಸಿವನ್ನು ತಾವೇ ಉಂಡವರು. ಅನುಭವಿಸದ ತಲೆಮಾರಿಗೆ ಆ ಗುರುತು ದಾಟುತ್ತದೆಯೇ ಅನ್ನುವುದು ಇಲಿಗಳಲ್ಲಿ ಸುಳಿವು ಸಿಕ್ಕ ಮಾತು, ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ. ಅದಲ್ಲದೆ ನೋವು ದಾಟಲು ಜೀನೇ ಬೇಕು ಅಂತಿಲ್ಲ. ರಾತ್ರಿ ಚೀರಿಕೊಂಡು ಏಳುವ ಅಪ್ಪ, ಮಾತೇ ಆಡದ ಅಮ್ಮ, ಇಷ್ಟು ಸಾಕು.

ಸಮಾಜದ ಮಟ್ಟದಲ್ಲಿ ನೋಡಿದರೆ ಅಚ್ಚರಿಯ ಸಂಗತಿಗಳು ಸಿಗುತ್ತವೆ. ಕಟ್ಟಡಗಳು ಬೇಗ ಏಳುತ್ತವೆ. ಅಣುಬಾಂಬಿಗೆ ಸಿಕ್ಕ ಹಿರೋಶಿಮಾದ ಜನಸಂಖ್ಯೆ ಸುಮಾರು 20 ವರ್ಷಗಳಲ್ಲಿ ತನ್ನ ಹಳೆಯ ಬೆಳವಣಿಗೆಯ ಹಾದಿಗೆ ಮರಳಿತ್ತು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿ ಹಿಂಸೆಗೆ ಹೆಚ್ಚು ಸಿಕ್ಕ ಕುಟುಂಬಗಳೇ ಆಮೇಲೆ ಹೆಚ್ಚಾಗಿ ಮತ ಹಾಕಲು, ಊರಿನ ಸಭೆಗಳಿಗೆ ಬರಲು ಶುರು ಮಾಡಿದ್ದವು. ಬೇರೆ ಕೆಲವು ದೇಶಗಳಲ್ಲೂ ಇಂಥದ್ದೇ ಕಂಡಿದೆ. ಓದಿದಾಗ ಖುಷಿಯಾಯಿತು, ಆಮೇಲೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಈ ಹೆಚ್ಚಿದ ಸಹಕಾರ ಬಹುಮಟ್ಟಿಗೆ ತಮ್ಮವರ ಜೊತೆಗೇ. ಆಚೆ ಗುಂಪಿನವರ ಮೇಲೆ ಆ ಪ್ರೀತಿ ಹರಿಯುವುದು ಅಪರೂಪ. ಮುಂದಿನ ಜಗಳಕ್ಕೆ ಬೇಕಾದ ಒಗ್ಗಟ್ಟೂ ಇದೇ ಅಲ್ವಾ?

ಚಿಕಿತ್ಸೆಯ ವಿಷಯದಲ್ಲೂ ನಮ್ಮ ಸಹಜ ಊಹೆ ತಪ್ಪಾಗಿದೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ‘ಏನಾಯಿತು ಹೇಳಿ, ಮನಸ್ಸು ಹಗುರ ಮಾಡಿಕೊಳ್ಳಿ’ ಎಂದು ಬಾಯಿ ಬಿಡಿಸುವ ಪದ್ಧತಿ ಒಂದು ಕಾಲಕ್ಕೆ ಜೋರಾಗಿತ್ತು. ಪರೀಕ್ಷಿಸಿ ನೋಡಿದರೆ ಅದರಿಂದ ಪಿಟಿಎಸ್‌ಡಿ ತಪ್ಪಲಿಲ್ಲ, ಕೆಲವರಿಗೆ ಕೆಟ್ಟದ್ದೇ ಆಯಿತು. ಈಗ ಹೇಳುವುದು ಬೇರೆ: ಮೊದಲು ಸುರಕ್ಷಿತ ಜಾಗ, ನೀರು, ಕಂಬಳಿ, ಮನೆಯವರ ಪತ್ತೆ. ತಾವಾಗಿ ಮಾತಾಡಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ತಿಂಗಳುಗಳಾದರೂ ನರಳುತ್ತಿದ್ದರೆ ಆಗ ತರಬೇತಿ ಪಡೆದ ಚಿಕಿತ್ಸಕರ ಜೊತೆ ಆ ನೆನಪನ್ನು ನಿಧಾನವಾಗಿ ಎದುರಿಸುವುದು, ಇದು ಕೆಲಸ ಮಾಡುತ್ತದೆ.

ಮನಸ್ಸಿನ ಮಾತು ಬಿಟ್ಟು ನೆಲಕ್ಕೆ ಬಂದರೆ ಅಲ್ಲೂ ಅದೇ ಕಥೆ. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ಅದರಲ್ಲಿದ್ದ ಸುಮಾರು 27 ಕೋಟಿ ಸಣ್ಣ ಬಾಂಬ್‌ಗಳಲ್ಲಿ 8 ಕೋಟಿಯಷ್ಟು ಸಿಡಿಯಲೇ ಇಲ್ಲ. ಚೆಂಡಿನಂತಿರುವ ಅವನ್ನು ಅಲ್ಲಿನವರು ‘ಬಾಂಬಿ’ ಎನ್ನುತ್ತಾರೆ, ಮಕ್ಕಳು ಆಟದ ಸಾಮಾನು ಎಂದುಕೊಂಡು ಎತ್ತಿಕೊಳ್ಳುತ್ತಾರೆ.

ಬೆಲ್ಜಿಯಂನ ಈಪರ್ ಪಟ್ಟಣದಲ್ಲಿ 2014ರ ಮಾರ್ಚ್‌ನಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಮೊದಲ ಮಹಾಯುದ್ಧದ ಶೆಲ್ ಒಂದು ಸಿಡಿದು ಇಬ್ಬರು ಕೆಲಸಗಾರರು ಸತ್ತರು. ಆ ಸುತ್ತಿನ ರೈತರು ಹೊಲ ಉಳುವಾಗ ಪ್ರತಿ ವರ್ಷ ಇಂಥ ಶೆಲ್‌ಗಳು ಸಿಗುತ್ತಲೇ ಇರುತ್ತವೆ. ಅವರು ಅವನ್ನು ರಸ್ತೆ ಬದಿಯಲ್ಲಿ ಇಟ್ಟು ಉಳುಮೆ ಮುಂದುವರಿಸುತ್ತಾರೆ. ಆಮೇಲೆ ಸೇನೆಯ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ.