ಸಮುದ್ರ ಸೇರುವ ನೀರು ವ್ಯರ್ಥವೇ? ‘ಪರಿಸರ ಹರಿವು’ ನಡೆದುಬಂದ ದಾರಿ

ನೀರಾವರಿ ಯೋಜನೆಗಳ ಚರ್ಚೆ ಎಲ್ಲಿ ನಡೆದರೂ ಒಂದು ಮಾತು ಬಂದೇ ಬರುತ್ತದೆ: ನದಿಯ ಇಷ್ಟು ನೀರು ವ್ಯರ್ಥವಾಗಿ ಸಮುದ್ರದ ಪಾಲಾಗುತ್ತಿದೆ. ಮನುಷ್ಯ ತಡೆದು ಬಳಸಿಕೊಂಡದ್ದಷ್ಟೇ ಉಪಯೋಗ, ಉಳಿದದ್ದೆಲ್ಲ ನಷ್ಟ ಎಂಬ ಲೆಕ್ಕಾಚಾರ ಈ ಮಾತಿನ ಹಿಂದಿದೆ. ಇಪ್ಪತ್ತನೆಯ ಶತಮಾನದ ಬಹುಪಾಲು ದೊಡ್ಡ ಅಣೆಕಟ್ಟುಗಳು ಎದ್ದು ನಿಂತದ್ದು ಇದೇ ಲೆಕ್ಕದ ಮೇಲೆ. ಅದರಲ್ಲಿ ನದಿಯ ಪಾಲು, ಅಂದರೆ ನದಿಯೂ ಅದರ ಜೀವಜಾಲವೂ ಬದುಕಿರಲು ಹರಿಯಬಿಡಬೇಕಾದ ‘ಪರಿಸರ ಹರಿವು’, ಬಿಟ್ಟುಹೋಗಿದೆ ಎಂದು ತೋರಿಸಿಕೊಡಲು ಸಂಶೋಧಕರಿಗೂ ನದಿಗಳ ಪರವಾಗಿ ದನಿಯೆತ್ತಿದವರಿಗೂ ಅರ್ಧ ಶತಮಾನ ಹಿಡಿಯಿತು. ಕೆಲಸ ಇನ್ನೂ ಮುಗಿದಿಲ್ಲ.

ಬಿಟ್ಟುಹೋದ ಆ ಪಾಲು ಏನೆಂಬುದು ಈಜಿಪ್ಟಿನಲ್ಲಿ ಬಹಳ ಬೇಗ ಗೋಚರಿಸಿತು. ನೈಲ್ ನದಿ ಪ್ರತಿವರ್ಷ ನೆರೆಯ ಕಾಲದಲ್ಲಿ ಕೆಂಪು ಹೂಳನ್ನೂ ಅದರೊಂದಿಗೆ ಪೋಷಕಾಂಶಗಳನ್ನೂ ಮೆಡಿಟರೇನಿಯನ್ ಸಮುದ್ರಕ್ಕೆ ಒಯ್ಯುತ್ತಿತ್ತು. ಅದನ್ನುಂಡು ಕಡಲಿನಲ್ಲಿ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತಿದ್ದವು, ಅವನ್ನು ಅರಸಿ ಬೂತಾಯಿ ಜಾತಿಯ ಮೀನುಗಳು ಹಿಂಡುಹಿಂಡಾಗಿ ತೀರಕ್ಕೆ ಬರುತ್ತಿದ್ದವು. 1964ರಲ್ಲಿ ಅಸ್ವಾನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಆ ಮೀನಿನ ಇಳುವರಿ ದಶಕದ ಕೊನೆಯ ಹೊತ್ತಿಗೆ ಸಾವಿರ ಟನ್ನಿಗಿಂತ ಕೆಳಗಿಳಿದಿತ್ತು. ಹೂಳು ನಿಂತದ್ದರಿಂದ ನದೀಮುಖಜ ಭೂಮಿಯ ಅಂಚಿನಲ್ಲಿ ಕಡಲ್ಕೊರೆತವೂ ತೀವ್ರವಾಯಿತು. ಅಣೆಕಟ್ಟಿನಿಂದ ಈಜಿಪ್ಟಿಗೆ ವಿದ್ಯುತ್ ಸಿಕ್ಕಿತು, ಬರಗಾಲದಲ್ಲಿ ರಕ್ಷಣೆಯೂ ಸಿಕ್ಕಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಮೀನುಗಾರಿಕೆಯೂ ಕೆಲವು ದಶಕಗಳ ಬಳಿಕ ಚೇತರಿಸಿಕೊಂಡಿತು. ಆದರೆ ಅದಕ್ಕೆ ಹೊಲಗಳ ರಸಗೊಬ್ಬರ ಮತ್ತು ನಗರಗಳ ಕೊಳಚೆನೀರು ಕಡಲು ಸೇರಿದ್ದೇ ಮುಖ್ಯ ಕಾರಣವೆಂದು ಸಂಶೋಧಕರು ವಿವರಿಸಿದ್ದಾರೆ. ನೆರೆ ಮಾಡುತ್ತಿದ್ದ ಕೆಲಸವನ್ನು ಮಾಲಿನ್ಯ ವಹಿಸಿಕೊಂಡದ್ದನ್ನು ಪರಿಹಾರವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ನದಿಗೆ ಎಷ್ಟು ನೀರು ಬಿಡಬೇಕು? ಎಂಜಿನಿಯರ್‌ಗಳು ಕೇಳಿದ್ದು ಈ ಪ್ರಶ್ನೆಯನ್ನು, ಮತ್ತು ಅವರಿಗೆ ಬೇಕಿದ್ದುದು ಒಂದು ಅಂಕಿ. ಅಂಥದೊಂದು ಅಂಕಿಯನ್ನು 1976ರಲ್ಲಿ ಕೊಟ್ಟವರು ಅಮೆರಿಕದ ಜೀವವಿಜ್ಞಾನಿ ಡೊನಾಲ್ಡ್ ಟೆನೆಂಟ್. ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕಾ ರಾಜ್ಯಗಳ ಹೊಳೆಗಳಲ್ಲಿ ನೀರು ಏರಿ ಇಳಿದಂತೆ ಪಾತ್ರದ ಅಗಲ, ಆಳ ಮತ್ತು ಹರಿವಿನ ವೇಗ ಹೇಗೆ ಬದಲಾಗುತ್ತವೆಂದು ಅವರು ಅಳೆದಿದ್ದರು. ವಾರ್ಷಿಕ ಸರಾಸರಿ ಹರಿವಿನ ಶೇ 10ರಷ್ಟಿದ್ದರೆ ಹೆಚ್ಚಿನ ಜಲಚರಗಳು ಸ್ವಲ್ಪಕಾಲ ಹೇಗೋ ಜೀವ ಹಿಡಿದುಕೊಂಡಿರುತ್ತವೆ, ಶೇ 30ರಷ್ಟಿದ್ದರೆ ಬದುಕು ಸುಸ್ಥಿತಿಯಲ್ಲಿರುತ್ತದೆ, ಶೇ 60ರಷ್ಟಿದ್ದರೆ ಉತ್ತಮ ಎಂಬುದು ಅವರ ನಿಷ್ಕರ್ಷೆ. ಕೈಗೆ ಸುಲಭವಾಗಿ ಸಿಕ್ಕ ಈ ಸೂತ್ರ ಜಗತ್ತಿನಾದ್ಯಂತ ಹರಡಿತು. ಜೊತೆಗೇ ಒಂದು ಅಪಾಯವೂ ಬಂತು. ಕನಿಷ್ಠ ಎಂದು ಬರೆದದ್ದನ್ನು ನಿರ್ವಾಹಕರು ಗರಿಷ್ಠವೆಂದೇ ಓದಿಕೊಳ್ಳುವ ಅಪಾಯವದು.

ಒಂದೇ ಅಂಕಿ ಏಕೆ ಸಾಲದು ಎಂಬುದನ್ನು ಜಲವಿದ್ಯುತ್ ಘಟಕವೊಂದರ ಕೆಳಗಿನ ನದಿಯಲ್ಲಿ ಕಣ್ಣಾರೆ ಕಾಣಬಹುದು. ಸಂಜೆ ಬೇಡಿಕೆ ಏರಿದಾಗ ಟರ್ಬೈನುಗಳು ತಿರುಗುತ್ತವೆ, ನದಿ ದಡದವರೆಗೆ ತುಂಬುತ್ತದೆ. ನಡುರಾತ್ರಿ ಘಟಕ ನಿಂತರೆ ನೀರು ಹಠಾತ್ತನೆ ಇಳಿಯುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಅಂಚಿನ ಜಲ್ಲಿಕಲ್ಲುಗಳ ಸಂದಿಯಲ್ಲಿ ಇಟ್ಟ ಮೊಟ್ಟೆಗಳು ಒಣಗುತ್ತಿರುತ್ತವೆ, ಮರಿಮೀನುಗಳು ಸಣ್ಣ ಗುಂಡಿಗಳಲ್ಲಿ ಸಿಕ್ಕಿಬಿದ್ದಿರುತ್ತವೆ. ಇಡೀ ದಿನದ ಸರಾಸರಿ ತೆಗೆದರೆ ಮಾತ್ರ ಎಲ್ಲವೂ ನಿಯಮದಂತೆಯೇ ಇರುತ್ತದೆ! 1997ರಲ್ಲಿ ಅಮೆರಿಕದ ನದಿ ಪರಿಸರ ವಿಜ್ಞಾನಿ ಲೆರಾಯ್ ಪಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ ಈ ಮರ್ಮವನ್ನೇ ಹಿಡಿಯಿತು. ಎಷ್ಟು ನೀರು ಎಂಬುದಷ್ಟೇ ಅಲ್ಲ, ಎಷ್ಟು ಸಲ, ಯಾವಾಗ, ಎಷ್ಟು ದಿನ, ಎಷ್ಟು ವೇಗವಾಗಿ ಏರಿಳಿಯುತ್ತದೆ ಎಂಬ ಐದೂ ಸೇರಿಯೇ ನದಿ ಜೀವಂತವಾಗಿರುತ್ತದೆ ಎಂದು ಅವರು ವಾದಿಸಿದರು. ನೆರೆಯೂ ನದಿಯ ಅಗತ್ಯ, ಬೇಸಿಗೆಯ ಸಣ್ಣ ಹರಿವೂ ಅಗತ್ಯ.

ಈ ತಿಳಿವಳಿಕೆಯನ್ನು ಕಾನೂನಿಗೆ ಇಳಿಸಿದವರಲ್ಲಿ ದಕ್ಷಿಣ ಆಫ್ರಿಕಾ ಮುಂಚೂಣಿಯಲ್ಲಿತ್ತು. ಅಲ್ಲಿ ಜಾಕಿ ಕಿಂಗ್ ಮತ್ತು ಸಹೋದ್ಯೋಗಿಗಳು ಮೀನು, ಕೀಟ, ದಡದ ಗಿಡಮರ, ಹೂಳು ಇವುಗಳ ತಜ್ಞರನ್ನೆಲ್ಲ ಒಂದೆಡೆ ಕೂರಿಸಿ, ನದಿಗೆ ಬೇಕಾದ ಹರಿವನ್ನು ತಿಂಗಳು ತಿಂಗಳಿಗೆ ಲೆಕ್ಕಹಾಕುವ ಪದ್ಧತಿಯೊಂದನ್ನು ರೂಪಿಸಿದ್ದರು. ವರ್ಣಭೇದ ನೀತಿ ಕೊನೆಗೊಂಡ ಬಳಿಕ 1998ರಲ್ಲಿ ಬಂದ ರಾಷ್ಟ್ರೀಯ ಜಲ ಕಾಯ್ದೆ ‘ಮೀಸಲು’ ಎಂಬ ಪರಿಕಲ್ಪನೆಯನ್ನು ತಂದಿತು. ಜನರ ಮೂಲಭೂತ ಅಗತ್ಯಕ್ಕೆ ಒಂದು ಪಾಲು, ಜಲಜೀವಜಾಲಕ್ಕೆ ಇನ್ನೊಂದು ಪಾಲು ಮೊದಲು ತೆಗೆದಿಡಬೇಕು. ಕೃಷಿ, ಕೈಗಾರಿಕೆಗಳ ಹಂಚಿಕೆ ಆಮೇಲಿನದು. ಬಡವರ ಕುಡಿಯುವ ನೀರನ್ನೂ ನದಿಯ ನೀರನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದೇ ಈ ಕಾಯ್ದೆಯ ದೊಡ್ಡತನ ಎಂದು ನನಗೆ ಅನ್ನಿಸುತ್ತದೆ. 2007ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರಡಿಸಿದ ಘೋಷಣೆಯೂ, ಪರಿಸರ ಹರಿವನ್ನು ನದಿಗಳಿಗಷ್ಟೇ ಅಲ್ಲ, ಅವನ್ನು ನೆಚ್ಚಿದ ಜನರ ಬದುಕಿಗೂ ಜೋಡಿಸಿತು.

ಭಾರತದಲ್ಲಿ ಈ ಬೇಡಿಕೆಗೆ ಒಂದು ಪ್ರಾಣವೇ ಹೋಯಿತು. ಕಾನ್ಪುರ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿಯಾಗಿದ್ದ ಜಿ.ಡಿ. ಅಗರ್ವಾಲ್ ಗಂಗೆಯನ್ನು ತಡೆಯಿಲ್ಲದೆ ಹರಿಯಬಿಡಿ ಎಂದು ಆಗ್ರಹಿಸಿ 2018ರ ಜೂನ್‌ನಲ್ಲಿ ಉಪವಾಸ ಕುಳಿತರು. ಅಕ್ಟೋಬರ್ 9ರಂದು ಕೇಂದ್ರ ಸರ್ಕಾರ ಗಂಗೆಯ ಕನಿಷ್ಠ ಪರಿಸರ ಹರಿವಿನ ಅಧಿಸೂಚನೆ ಹೊರಡಿಸಿತು. ನದಿಯ ಮೇಲ್ಭಾಗದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಸರಾಸರಿ ಹರಿವಿನ ಶೇ 20, ಅಕ್ಟೋಬರ್ ಮತ್ತು ಏಪ್ರಿಲ್-ಮೇ ತಿಂಗಳಲ್ಲಿ ಶೇ 25, ಮಳೆಗಾಲದಲ್ಲಿ ಶೇ 30 ಎಂದು ನಿಗದಿಯಾಯಿತು. ಎರಡು ದಿನಗಳ ಬಳಿಕ, ಉಪವಾಸದ ನೂರು ದಿನಗಳು ದಾಟಿದ್ದ ಅಗರ್ವಾಲ್ ಕೊನೆಯುಸಿರೆಳೆದರು.

ಬಿಟ್ಟ ನೀರು ನಿಜಕ್ಕೂ ಏನು ಮಾಡುತ್ತದೆ ಎಂಬುದಕ್ಕೆ ಕೊಲರಾಡೊ ನದಿಯ ಪ್ರಯೋಗದಷ್ಟು ಸ್ಪಷ್ಟ ಉತ್ತರ ಬೇರೆಡೆ ಸಿಗುವುದು ಕಷ್ಟ. ಅಮೆರಿಕ ಮತ್ತು ಮೆಕ್ಸಿಕೊ ಹಂಚಿಕೊಂಡ ಈ ನದಿ ದಶಕಗಳಿಂದ ಬಹುತೇಕ ವರ್ಷಗಳಲ್ಲಿ ಕಡಲು ಮುಟ್ಟುತ್ತಿರಲಿಲ್ಲ. ಎರಡೂ ದೇಶಗಳ ಸಂಶೋಧಕರು ಮತ್ತು ಪರಿಸರ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2012ರಲ್ಲಿ ನದಿಗೆ ನೀರು ಬಿಡುವ ಒಪ್ಪಂದವಾಯಿತು. 2014ರ ಮಾರ್ಚ್ 23ರಂದು ಗಡಿಯ ಮೊರೆಲೋಸ್ ಅಣೆಕಟ್ಟಿನ ಗೇಟುಗಳು ತೆರೆದವು. ಸುಮಾರು ಎಂಟು ವಾರಗಳಲ್ಲಿ ಬಿಟ್ಟದ್ದು 13 ಕೋಟಿ ಘನಮೀಟರ್, ಅಂದರೆ ನಾಲ್ಕೂವರೆ ಟಿಎಂಸಿಯಷ್ಟು ನೀರು. ಒಣ ಮರಳಿನ ಮೇಲೆ ನೊರೆ ಮತ್ತು ತರಗೆಲೆಗಳನ್ನು ತಳ್ಳಿಕೊಂಡು, ನಡಿಗೆಗಿಂತ ನಿಧಾನವಾಗಿ ಅದು ಮುಂದೆ ಸರಿಯಿತು. ಹೆಸರಿನಲ್ಲೇ ನದಿಯಿದ್ದರೂ ನದಿಯಿಲ್ಲದೆ ಬಾಳಿದ್ದ ಸಾನ್ ಲೂಯಿಸ್ ರಿಯೊ ಕೊಲರಾಡೊ ಪಟ್ಟಣದಲ್ಲಿ ಜನ ಪಾತ್ರಕ್ಕಿಳಿದು ಕುಣಿದರು, ಮಕ್ಕಳು ತಮ್ಮ ಊರಿನ ಹೊಳೆಯಲ್ಲಿ ಮೊದಲ ಬಾರಿ ಆಡಿದರು. ಮೇ ತಿಂಗಳಲ್ಲಿ ನದಿಯ ನೀರೂ ಕಡಲಿನ ಉಬ್ಬರವೂ ಒಂದನ್ನೊಂದು ಮುಟ್ಟಿದವು.

ಆ ನೀರಿನ ಬಹುಪಾಲು ಮೇಲಿನ ಒಣ ಭಾಗದಲ್ಲೇ ಇಂಗಿಹೋಗಿತ್ತು. ಅಂತರ್ಜಲ ಏರಿತು, ಹಸಿರು ಹೆಚ್ಚಿತು, ಆದರೆ ನೆಟ್ಟು ಬೆಳೆಸಿದ ಮರಗಳಿದ್ದ ಕೆಳಭಾಗಕ್ಕೆ ತಲುಪಿದ್ದು ಕಡಿಮೆ. 2017ರಲ್ಲಿ ಒಪ್ಪಂದ ನವೀಕರಣಗೊಂಡಾಗ ಈ ಪಾಠ ಅದರೊಳಗೆ ಸೇರಿತು. 2021ರ ಮೇ ತಿಂಗಳಿನಿಂದ ನೀರನ್ನು ಅಣೆಕಟ್ಟಿನಿಂದ ನೇರವಾಗಿ ಬಿಡದೆ, ಮರಳಿನ ಭಾಗವನ್ನು ದಾಟಿಸಿ, ನೀರಾವರಿ ಕಾಲುವೆಗಳ ಮೂಲಕ ಒಯ್ದು ಕೆಳಗೆ ನದಿಗೆ ಸೇರಿಸಲಾಯಿತು. ಒಂದು ಕಾಲದಲ್ಲಿ ನದಿಯನ್ನು ಬರಿದುಮಾಡಿದ್ದ ಕಾಲುವೆಜಾಲವೇ ಅದರ ಪಾಲನ್ನು ಹಿಂದಿರುಗಿಸತೊಡಗಿತು.